ಏಳದ ಗಣಕಯಂತ್ರದ ಪ್ರಮಾಣಮೀಮಾಂಸೆ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯನ್ನು ಅನುಲಕ್ಷಿಸಿ

ಗುಂಡಿ ಒತ್ತಿದರೂ ಏಳದ ಕಂಪ್ಯೂಟರಿನ ಬಗ್ಗೆ ಕನ್ನಡದಲ್ಲೊಂದು ಶಾಸ್ತ್ರಗ್ರಂಥ ಬೇಕೆಂದು ವಿದ್ವಾಂಸರಿಗೆ ಇದುವರೆಗೆ ಅನ್ನಿಸಿದಂತಿಲ್ಲ. ಅನ್ನಿಸಿದ್ದು ಅಡತ್ ಅಂಗಡಿಯ ಗುಮಾಸ್ತರಿಗೆ, ಡಿಟಿಪಿ ಹುಡುಗರಿಗೆ, ಗ್ರಾಮ ಒನ್ ಕೇಂದ್ರದ ಮುಂದೆ ಆಧಾರ್ ಕಾರ್ಡು ಹಿಡಿದು ನಿಂತ ಮುದುಕರಿಗೆ, ವೇಬ್ರಿಜ್ ಮೇಲೆ ಲಾರಿ ಏರಿಸಿ ತೂಕದ ಚೀಟಿಗೆ ಕಾಯುವ ಡ್ರೈವರುಗಳಿಗೆ. ಇವರಾರೂ ಪ್ರಬಂಧ ಬರೆಯುವ ಪೈಕಿಯಲ್ಲ. ಹೀಗಾಗಿ ಹೊಣೆ ನಮ್ಮ ತಲೆಗೆ ಬಂದಿದೆ, ನಾವು ಬೇಡವೆಂದಿಲ್ಲ.

ಮೊದಲು ಎಲ್ಲೆ ಗುರುತಿಸಿಕೊಳ್ಳೋಣ. ಕೊಪ್ಪಳ ಜಿಲ್ಲೆಯ ಹಳೆಯ ನಾಲ್ಕು ತಾಲೂಕುಗಳಷ್ಟೇ ನಮ್ಮ ಅಧ್ಯಯನದ ಕ್ಷೇತ್ರ. ಕಾರಟಗಿ, ಕನಕಗಿರಿ, ಕುಕನೂರುಗಳನ್ನು ಸರ್ಕಾರ ಆಮೇಲೆ ತಾಲೂಕು ಮಾಡಿದ್ದನ್ನು ಬಲ್ಲೆವು. ಆದರೆ ಶಾಸ್ತ್ರವು ಗೆಜೆಟ್ ನೋಡಿ ನಡೆಯುವುದಿಲ್ಲ.

ಇನ್ನು ಪೂರ್ವಪಕ್ಷ. ಅಶೋಕನ ಬ್ರಹ್ಮಗಿರಿ ಶಾಸನದಲ್ಲಿ 256 ಎಂಬ ಅಂಕೆ ಬರುತ್ತದೆ. ಎಂಟು ಬಿಟ್ಟುಗಳ ಒಂದು ಬೈಟಿನಲ್ಲಿ ಹಿಡಿಯುವ ಬೆಲೆಗಳೂ ಸರಿಯಾಗಿ 256. ಅದೇ ಅಶೋಕನ ಶಾಸನಗಳು ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಇವೆ. ಆದ್ದರಿಂದ ಕಂಪ್ಯೂಟರು ಹುಟ್ಟಿದ್ದೇ ಮೌರ್ಯರ ಕಾಲದ ಕೊಪ್ಪಳದಲ್ಲಿ ಎಂದು ಯಾರಾದರೂ ಭಾಷಣ ಮಾಡಿದರೆ ಚಪ್ಪಾಳೆ ಬೀಳುವುದು ಖಂಡಿತ. ಪ್ರಸ್ತುತ ಲೇಖಕ ಈ ವಾದವನ್ನು ಒಪ್ಪುವುದಿಲ್ಲ. ಅನುದಾನ ಮಂಜೂರಾದಲ್ಲಿ ಮರುಪರಿಶೀಲಿಸಲು ಅಡ್ಡಿಯಿಲ್ಲ.

ಮೂಲ ತೊಡಕು ಬೇರೆಯೇ ಇದೆ. ಈ ಸೀಮೆಯಲ್ಲಿ ತೀರ್ಪು ಮೊದಲು, ವಿಚಾರಣೆ ಆಮೇಲೆ. ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿ, ಬೈಕಿನ ಹಿಂದೆ ಕೂತು ತೊಡೆಯ ಮೇಲಿಟ್ಟುಕೊಂಡು ತಂದವನು ಅದನ್ನಿನ್ನೂ ಕೆಳಗಿಳಿಸಿರುವುದಿಲ್ಲ, ಅಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ಚಹಾ ಕುಡಿಯುತ್ತಿರುವ ಮೂರನೆಯವನೊಬ್ಬ "ಬೋರ್ಡ್ ಹೋಗೈತಿ ಬಿಡ್ರಿ" ಅಂದುಬಿಟ್ಟಿರುತ್ತಾನೆ. ಡಿಸ್‌ಪ್ಲೇ ಬರುತ್ತಿಲ್ಲ, ಆದಕಾರಣ ಮದರ್‌ಬೋರ್ಡ್ ಸತ್ತಿದೆ: ಇದು ಅವನ ಅನುಮಾನವಾಕ್ಯ. ನ್ಯಾಯಶಾಸ್ತ್ರದಲ್ಲಿ ಇದು ಸವ್ಯಭಿಚಾರವೆಂಬ ಹೇತ್ವಾಭಾಸ. ಡಿಸ್‌ಪ್ಲೇ ಬರದಿರುವುದು ಬೋರ್ಡ್ ಸತ್ತಾಗಲೂ ಉಂಟು, ರ‍್ಯಾಮ್ ಅಲುಗಿದಾಗಲೂ ಉಂಟು, ಮಾನಿಟರಿನ ಕೇಬಲ್ಲನ್ನು ಬೆಕ್ಕು ಎಳೆದಾಗಲೂ ಉಂಟು. ಎಲ್ಲರ ಮನೆಗೂ ಹೋಗಿಬರುವ ಇಂಥ ಹೇತುವನ್ನು ನಂಬಿ ಯಾವ ತೀರ್ಪೂ ಕೊಡಬಾರದು. ಆದರೂ ಆ ಮೂರನೆಯವನ ಮಾತು ಕೇಳಿ ಎಷ್ಟು ಒಳ್ಳೆಯ ಬೋರ್ಡುಗಳು ಗುಜರಿಗೆ ಹೋಗಿವೆಯೋ, ಅವುಗಳ ಆತ್ಮಕ್ಕೆ ಶಾಂತಿ ಸಿಗಲಿ.

ಈ ಅನಾಹುತ ತಪ್ಪಿಸಲು ಕುಮಾರಿಲ ಭಟ್ಟನ ಪಂಥದವರು ಒಪ್ಪುವ ಆರು ಪ್ರಮಾಣಗಳನ್ನು, ಅಂದರೆ ಅರಿವಿನ ಸಾಧನಗಳನ್ನು, ಎರವಲು ತಂದಿದ್ದೇವೆ. ನೈಯಾಯಿಕರು ನಾಲ್ಕೇ ಸಾಕು ಎನ್ನುತ್ತಾರೆ. ಅವರು ಅಸೆಂಬಲ್ ಮಾಡಿಸಿದ ಸಿಸ್ಟಮ್ ಕಂಡವರಲ್ಲ.

ಪ್ರತ್ಯಕ್ಷಕ್ಕೆ ಬೇಕಾದ್ದು ಒಂದು ಸ್ಕ್ರೂಡ್ರೈವರು ಮತ್ತು ಎರಡು ಕಣ್ಣು. ಹಿಂದಿನ ಎರಡು ಸ್ಕ್ರೂ ತೆಗೆದು ಪಕ್ಕದ ತಗಡನ್ನು ಹಿಂದಕ್ಕೆ ಜಾರಿಸಿದರೆ ಗರ್ಭಗುಡಿ ತೆರೆಯುತ್ತದೆ. (1790ರಲ್ಲಿ ನಿಜಾಮ ಮತ್ತು ಬ್ರಿಟಿಷರ ಸೇನೆಗೆ ಕೊಪ್ಪಳದ ಕೋಟೆ ಹಿಡಿಯಲು ತಿಂಗಳುಗಟ್ಟಲೆ ಮುತ್ತಿಗೆ ಹಾಕಬೇಕಾಯಿತು. ತುಕ್ಕು ಹಿಡಿದ ಸ್ಕ್ರೂ ಬಿಚ್ಚಿದವರಿಗೆ ಆ ಸೇನೆಯ ಮೇಲೆ ಗೌರವ ಉಳಿಯುವುದಿಲ್ಲ.) ಮೊದಲ ದರ್ಶನ ಧೂಳಿನದು. ಎರಡನೆಯದು, ಯೋಗವಿದ್ದರೆ, ಒಣಗಿದ ಹಲ್ಲಿಯದು. ಮೂರನೆಯದಾಗಿ ಪ್ರೊಸೆಸರಿನ ಸುತ್ತ ನಿಂತ ಸಣ್ಣ ಡಬ್ಬಿಗಳಂಥ ಕೆಪ್ಯಾಸಿಟರುಗಳ ನೆತ್ತಿಯನ್ನು ಬೆರಳಿನಿಂದಲ್ಲ, ಕಣ್ಣಿನಿಂದ ಸವರಬೇಕು. ನೆತ್ತಿ ಚಪ್ಪಟೆ ಇದ್ದರೆ ಕ್ಷೇಮ. ಉಬ್ಬಿ, ಅದರ ಮೇಲಿನ ಗೀರು ಬಾಯಿಬಿಟ್ಟು, ಕಂದು ಬಣ್ಣದ ಜಿಗಟು ಒಸರಿದ್ದರೆ ಚಹಾ ಕುಡಿಯುವವನ ಮಾತು ಅಪರೂಪಕ್ಕೆ ನಿಜವಾಯಿತೆನ್ನಬೇಕು. 2000ದ ಆಸುಪಾಸಿನಲ್ಲಿ ತಯಾರಾದ ಎಷ್ಟೋ ಬೋರ್ಡುಗಳಿಗೆ ಈ ಉಬ್ಬುರೋಗ ಜಗತ್ತಿನ ತುಂಬ ತಗುಲಿತ್ತು. ಒಳಗಿನ ದ್ರಾವಣವೇ ಕೆಟ್ಟದ್ದಿತ್ತು. ಆದರೆ ಅದಕ್ಕೂ ಹೊಸ ಕೆಪ್ಯಾಸಿಟರ್ ಬೆಸುಗೆ ಹಾಕುವವರಿದ್ದಾರೆ, ಆದ್ದರಿಂದ ಅಂತ್ಯಕ್ರಿಯೆಗೆ ಅವಸರ ಬೇಡ.

ಈ ಸೀಮೆಯಲ್ಲಿ ತಾಲೂಕಿಗೊಂದು ಪಂಥ. ಶಬ್ದಪ್ರಮಾಣದಲ್ಲಿ ಕೊಪ್ಪಳ ಪಂಥದವರೇ ಪಂಡಿತರು. ಗವಿಮಠದ ಬಂಡೆಯ ಮೇಲಿನ ಬ್ರಾಹ್ಮಿಯನ್ನು ನೋಡುತ್ತ ಬೆಳೆದವರಿಗೆ ಬೀಪ್ ಓದುವುದು ಕಷ್ಟವೇ? ಗುಂಡಿ ಒತ್ತಿದೊಡನೆ ಬೋರ್ಡು ತನ್ನ ಅಂಗಾಂಗಗಳನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತದೆ. ಕಾಣೆಯಾದದ್ದನ್ನು ತೆರೆಯ ಮೇಲೆ ಹೇಳಲಾಗದಿದ್ದಾಗ ಬೀಪ್ ಮಾಡಿ ಹೇಳುತ್ತದೆ. ಒಂದು ದೀರ್ಘ, ಎರಡು ಹ್ರಸ್ವ: ಬೋರ್ಡಿನೊಳಗಿನ ಬಯೋಸ್ ತಂತ್ರಾಂಶದ ಅವಾರ್ಡ್ ಶಾಖೆಯಲ್ಲಿ ಇದು ಡಿಸ್‌ಪ್ಲೇ ಕಾರ್ಡಿನ ದೋಷ. ದೀರ್ಘವೇ ಬಿಟ್ಟೂಬಿಡದೆ ಬಂದರೆ ಸಾಮಾನ್ಯವಾಗಿ ರ‍್ಯಾಮಿನ ಗೋಳು. ಆದರೆ ಪಾಠಾಂತರಗಳು ಘೋರವಾಗಿವೆ. ಒಂದೇ ಒಂದು ಹ್ರಸ್ವವೆಂದರೆ ಐಬಿಎಂ ಶಾಖೆಯಲ್ಲಿ ಸರ್ವಂ ಶುಭಂ. ಎಎಂಐ ಶಾಖೆಯ ಹಳೆಯ ಪಟ್ಟಿಯಲ್ಲಿ ಅದೇ ಹ್ರಸ್ವ ಮೆಮೊರಿಯ ಕೇಡು. ಲಘು ಗುರುಗಳನ್ನು ಎಣಿಸಿ ಇದು ಭಾಮಿನಿ ಷಟ್ಪದಿ ಎಂದು ಸಾಧಿಸಹೊರಟ ಕನ್ನಡ ಎಂಎ ಹುಡುಗನಿಗೆ ಅಂಗಡಿಯಲ್ಲಿ ಚಹಾ ಸಿಕ್ಕಿತು, ಕೆಲಸ ಸಿಗಲಿಲ್ಲ. ಇನ್ನೂ ದೊಡ್ಡ ವಿಘ್ನವೆಂದರೆ ಅಗ್ಗದ ಪೆಟ್ಟಿಗೆಗಳಲ್ಲಿ ಬೀಪ್ ಮಾಡುವ ಬೆರಳ ತುದಿಯಷ್ಟು ಸ್ಪೀಕರೇ ಇರುವುದಿಲ್ಲ. ಪಾಪ, ಬೋರ್ಡು ಕೂಗುತ್ತಲೇ ಇರುತ್ತದೆ, ಗಂಟಲಿಲ್ಲ.

ಶಬ್ದ ಯಾವುದೇ ಇರಲಿ, ಚಿಕಿತ್ಸೆ ಮಾತ್ರ ಒಂದೇ: "ರ‍್ಯಾಮ್ ತಗದು ಒರಸಿ ಹಾಕ್ರಿ." ಇಕ್ಕೆಲದ ಕಿವಿಗಳನ್ನು ಒತ್ತಿ ಪಟ್ಟಿಯನ್ನು ಎತ್ತಬೇಕು. ಮಗನ ಕಂಪಾಸ್ ಪೆಟ್ಟಿಗೆಯಿಂದ ರಬ್ಬರ್ ತಂದು, ಬಂಗಾರದ ಬಣ್ಣದ ಹಲ್ಲುಗಳನ್ನು ಒಂದೇ ದಿಕ್ಕಿಗೆ ಹಗುರಾಗಿ ತಿಕ್ಕಬೇಕು. ರಬ್ಬರ್ ಕಪ್ಪಾಗುತ್ತದೆ, ಅದೇ ರೋಗ. ಪುಡಿ ಕೊಡವಿ ಮತ್ತೆ ಕೂಡಿಸಿ, ಎರಡೂ ಕಿವಿ ಟಕ್ಕೆಂದು ಮುಚ್ಚುವವರೆಗೆ ಒತ್ತಬೇಕು. ಒಂದೇ ಕಿವಿ ಟಕ್ಕೆಂದರೆ ಅದು ಅರ್ಧಸತ್ಯ. ಮುಟ್ಟುವ ಮುನ್ನ ಪ್ಲಗ್ ಕಿತ್ತು ಪೆಟ್ಟಿಗೆಯ ತಗಡನ್ನೊಮ್ಮೆ ಸ್ಪರ್ಶಿಸಬೇಕು, ಮೈಯ ಸ್ಥಿರವಿದ್ಯುತ್ತು ಅಲ್ಲಿ ಇಳಿಯಲಿ. ನಾಸ್ತಿಕರೂ ಈ ನಮಸ್ಕಾರ ಬಿಡಬಾರದು.

ಶಬ್ದದ ಇನ್ನೊಂದು ಬಗೆ ಆಪ್ತವಾಕ್ಯ, ಅಂದರೆ ನಂಬಬಹುದಾದವನ ಮಾತು. ಇಲ್ಲಿ ಮಾಲೀಕನನ್ನು ಆಪ್ತನೆಂದು ಎಣಿಸಕೂಡದು. "ನಿನ್ನಿ ಸಂಜಿತನಾ ಚಲೋ ಇತ್ರಿ, ನಾ ಏನೂ ಮಾಡಿಲ್ರಿ" ಎಂಬುದು ನಾಲ್ಕೂ ತಾಲೂಕಿನಲ್ಲಿ ಅಕ್ಷರ ಬದಲಾಗದೆ ಸಿಗುವ ಏಕೈಕ ಪಠ್ಯ. ಆಯುಧಪೂಜೆಯ ಮರುದಿನ ಇದನ್ನು ಹೇಳುವವನ ಯುಎಸ್‌ಬಿ ರಂಧ್ರದಲ್ಲಿ ಕುಂಕುಮವೂ ಕೀಬೋರ್ಡಿನಲ್ಲಿ ಕುಂಬಳಕಾಯಿಯ ಬೀಜವೂ ಸಿಕ್ಕರೆ ವಿದ್ವಾಂಸನು ನಗಬಾರದು, ದಾಖಲಿಸಬೇಕು.

ಅನುಮಾನಕ್ಕೆ ಗಂಗಾವತಿಯೇ ಕ್ಷೇತ್ರ. ತುಂಗಭದ್ರಾ ಎಡದಂಡೆ ಕಾಲುವೆ, ಭತ್ತ, ಸಾಲುಸಾಲು ಅಕ್ಕಿ ಗಿರಣಿ. ಗಿರಣಿಯ ಮೂಲೆಯ ಗಾಜಿನ ಕೋಣೆಯಲ್ಲಿ ಬಿಲ್ಲಿಂಗ್ ಕಂಪ್ಯೂಟರು. ತೌಡಿನ ಧೂಳಿಗೆ ಎಣ್ಣೆಯ ಜಿಡ್ಡಿರುತ್ತದೆ, ಬಾಯಿಂದ ಊದಿದರೆ ಹಾರುವುದಿಲ್ಲ. ಅದು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಾಗ ಪ್ರೊಸೆಸರು ಕಾದು, ತನ್ನನ್ನು ತಾನು ಉಳಿಸಿಕೊಳ್ಳಲು ಯಂತ್ರವನ್ನು ಆರಿಸಿಬಿಡುತ್ತದೆ. ಎದ್ದು ಕೆಲವೇ ಕ್ಷಣದಲ್ಲಿ ಆರುವ ಯಂತ್ರವನ್ನು ಕಂಡು ತಾಪವನ್ನು ಊಹಿಸುವುದು ಸದನುಮಾನ. ಅಲ್ಲಿ ಬ್ಲೋವರ್ ಹಿಡಿದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು, ಊದಬೇಕು. ಹೀಟ್‌ಸಿಂಕಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಎದ್ದಿದ್ದರೂ ಇದೇ ಲಕ್ಷಣ.

ಹೊಗೆಯ ಪ್ರಕರಣ ಸೂಕ್ಷ್ಮವಾದದ್ದು. ತರ್ಕಶಾಸ್ತ್ರದ ಜಗತ್ಪ್ರಸಿದ್ಧ ಉದಾಹರಣೆ ಹೊಗೆಯಿಂದ ಬೆಂಕಿಯನ್ನು ಊಹಿಸುವುದೇ ಆಗಿದೆ. ಐದು ಅವಯವಗಳೂ ಕ್ರಮವಾಗಿ ಬರಬೇಕು. ಪ್ರತಿಜ್ಞೆ: ಎಸ್‌ಎಂಪಿಎಸ್‌ನಲ್ಲಿ, ಅಂದರೆ ಕರೆಂಟು ಹಂಚುವ ಡಬ್ಬಿಯಲ್ಲಿ, ಬೆಂಕಿಯಿದೆ. ಹೇತು: ಹೊಗೆ ಬರುತ್ತಿರುವುದರಿಂದ. ಉದಾಹರಣೆ: ಗಿರಣಿಯ ಹೊಟ್ಟಿನ ಬಾಯ್ಲರಿನಂತೆ. ಉಪನಯ: ಇದೂ ಹಾಗೆಯೇ ಹೊಗೆಯುಳ್ಳದ್ದು. ನಿಗಮನ: ಆದ್ದರಿಂದ ಬೆಂಕಿಯುಳ್ಳದ್ದು. ಇಷ್ಟನ್ನೂ ಮುಗಿಸಿದವರಿಗೆ ತರ್ಕದಲ್ಲಿ ಪೂರ್ಣಾಂಕ, ಕಂಪ್ಯೂಟರು ಇಲ್ಲ. ಗಂಗಾವತಿ ಪಂಥದವರು ಪ್ರತಿಜ್ಞೆ ಮತ್ತು ಹೇತುವಿನ ನಡುವೆ "ಬಟನ್ ಬಂದ್ ಮಾಡಲೇ!" ಎಂಬ ಆರನೆಯ ಅವಯವವನ್ನು ಸೇರಿಸಿದ್ದಾರೆ. ಭಾರತೀಯ ತರ್ಕಕ್ಕೆ ಇದು ಅವರ ಕಾಣಿಕೆ. ಒಂದು ಎಚ್ಚರಿಕೆಯನ್ನು ಮಾತ್ರ ನಗೆಯಿಲ್ಲದೆ ಹೇಳಬೇಕು: ಒಳಬಂದ 230 ವೋಲ್ಟ್ ಎಸ್‌ಎಂಪಿಎಸ್‌ನೊಳಗೆ ಸುಮಾರು 325 ವೋಲ್ಟಿನ ಡಿಸಿ ಆಗಿ ದೊಡ್ಡ ಕೆಪ್ಯಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಆ ಡಬ್ಬಿಯನ್ನು ಬಿಚ್ಚಬೇಡಿ, ಬದಲಿಸಿ.

ಉಪಮಾನವೆಂದರೆ ಪಕ್ಕದವರಿಂದ ಕಡ ತರುವುದು. ಚಲೋ ಇರುವ ಎಸ್‌ಎಂಪಿಎಸ್ ಜೋಡಿಸಿ ನೋಡು, ಚಲೋ ಇರುವ ರ‍್ಯಾಮ್ ಹಾಕಿ ನೋಡು. ಸಾದೃಶ್ಯ ಪೂರ್ಣವಾಗಿರಬೇಕೆಂಬುದೇ ಇಲ್ಲಿಯ ಗಂಟು. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ, ನೋಡಲು ಅಣ್ಣತಮ್ಮಂದಿರೇ. ಆದರೆ ನಡುವಿನ ಕಚ್ಚಿನ ಜಾಗ ಬೇರೆ. ಕೂಡದ್ದನ್ನು ಮೊಣಕೈ ಊರಿ ಕೂಡಿಸಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಅನುಪಲಬ್ಧಿ, ಅಂದರೆ ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು, ಯಲಬುರ್ಗಾ ಪಂಥದ ಆಸ್ತಿ. ಸದ್ದಿಲ್ಲ, ಲೈಟಿಲ್ಲ, ಫ್ಯಾನ್ ತಿರುಗುತ್ತಿಲ್ಲ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿದ ಸೀಮೆಯವರಿಗೆ ಅವಸರವೆಂಬುದು ಗೊತ್ತಿಲ್ಲ. ಅವರು ಪೆಟ್ಟಿಗೆ ಬಿಚ್ಚುವುದಿಲ್ಲ. ಗೋಡೆಯ ಬಟನ್, ಎಕ್ಸ್‌ಟೆನ್ಶನ್ ಬೋರ್ಡಿನ ಬಟನ್, ಯುಪಿಎಸ್ ಬಟನ್ ನೋಡಿ, ಕೊನೆಗೆ ಎಸ್‌ಎಂಪಿಎಸ್‌ನ ಬೆನ್ನಿನ ಮೇಲಿನ ಸಣ್ಣ ಕರಿ ಬಟನ್ನಿಗೆ ಬರುತ್ತಾರೆ. ಕಸ ಹೊಡೆಯುವಾಗ ಪೊರಕೆಯ ಹಿಡಿ ತಾಗಿ ಅದು ಬಂದ್ ಆಗಿರುತ್ತದೆ. ಈ ಪಂಥದ ಬಗ್ಗೆ ಇಷ್ಟೇ ಹೇಳಲಿಕ್ಕಿರುವುದು. ಅದರ ಯಶಸ್ಸಿನ ಪ್ರಮಾಣ ಉಳಿದ ಪಂಥಗಳಿಗೆ ಅವಮಾನಕರವಾಗಿದೆ.

ಉಳಿದದ್ದು ಅರ್ಥಾಪತ್ತಿ, ಕುಷ್ಟಗಿಯ ಕಗ್ಗಂಟು. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದೇ ಇಲ್ಲವೆಂದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯಬೇಕು ಎನ್ನುತ್ತಾರೆ ಮೀಮಾಂಸಕರು. ಕುಷ್ಟಗಿಯ ಕಂಪ್ಯೂಟರು ಇದರ ತಿರುವುಮುರುವು: ಮನೆಯಲ್ಲಿ ಏಳುವುದಿಲ್ಲ, ರಿಪೇರಿ ಅಂಗಡಿಯಲ್ಲಿ ಮೊದಲ ಒತ್ತಿಗೇ ಏಳುತ್ತದೆ. ಮನೆಗೆ ಒಯ್ದರೆ ಮತ್ತೆ ಮೌನ. ಮಾಲೀಕ ಮೆಕ್ಯಾನಿಕ್ಕನ್ನು ಬೈಯುತ್ತಾನೆ, ಮೆಕ್ಯಾನಿಕ್ ಮಾಲೀಕನ ವಾಸ್ತುವನ್ನು ಶಂಕಿಸುತ್ತಾನೆ. ಎರಡೂ ಕಡೆ ಯಂತ್ರ ಒಂದೇ ಆದ್ದರಿಂದ, ದೋಷ ಮನೆಯ ಕರೆಂಟಿನಲ್ಲಿದೆಯೆಂದು ಕಲ್ಪಿಸದೆ ಗತಿಯಿಲ್ಲ. ಲಕ್ಷಣವೂ ಕೂಡಿಬರುತ್ತದೆ: "ಸಿಪಿಯು ಮುಟ್ಟಿದ್ರ ಜುಮ್ ಅಂತೈತ್ರಿ." ಎಸ್‌ಎಂಪಿಎಸ್‌ನ ಒಳಬಾಗಿಲಲ್ಲಿ ಗದ್ದಲ ಸೋಸುವ ಎರಡು ಸಣ್ಣ ಕೆಪ್ಯಾಸಿಟರುಗಳಿದ್ದು, ಅವು ತಗಡಿನ ಮೈಗೆ ಚೂರು ವಿದ್ಯುತ್ತನ್ನು ಹರಿಸುತ್ತವೆ. ಅರ್ತಿಂಗ್ ಇದ್ದರೆ ಅದು ಸದ್ದಿಲ್ಲದೆ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ತಗಡಿನ ಮೇಲೆ ಸುಮಾರು 115 ವೋಲ್ಟ್, ಅಂದರೆ ಮನೆಯ ಕರೆಂಟಿನ ಅರ್ಧ, ಬರಿಗಾಲಿನ ಬಡಪಾಯಿಗಾಗಿ ಕಾಯುತ್ತದೆ. ಕೊಲ್ಲುವಷ್ಟು ಹರಿವಿಲ್ಲ, ಆದರೆ ಜುಮ್ಮೆನ್ನಿಸಲು ಸಾಕು. ಅದರ ಜೊತೆಗೆ ಸಂಜೆಯ ಹೊತ್ತು ಪಂಪ್‌ಸೆಟ್ಟುಗಳು ಎದ್ದಾಗ ವೋಲ್ಟೇಜು ಕುಸಿದರೆ ಹಳೆಯ ಎಸ್‌ಎಂಪಿಎಸ್ ಏಳಲೊಲ್ಲದು.

ಅರ್ತಿಂಗ್ ಹಾಕಿಸಿದ್ದಾರೆಯೇ? ಹಾಕಿಸಿದ್ದಾರೆ, ಮನೆ ಕಟ್ಟುವಾಗ. ಗುಂಡಿ ತೋಡಿ, ಪೈಪು ಹುಗಿದು, ಉಪ್ಪು ಇದ್ದಿಲು ಪದರಪದರವಾಗಿ ತುಂಬಿಸಿದ್ದು ನಿಜ. ಆದರೆ ಒಣಮಣ್ಣು ವಿದ್ಯುತ್ತನ್ನು ಒಯ್ಯುವುದಿಲ್ಲ, ಹಸಿಮಣ್ಣು ಒಯ್ಯುತ್ತದೆ. ಗಂಗಾವತಿಯ ಕಾಲುವೆ ಬದಿಯಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಕುಷ್ಟಗಿಯ ಮಸಾರಿ ನೆಲದಲ್ಲಿ ಏಪ್ರಿಲ್ ಬಂತೆಂದರೆ ಗುಂಡಿಯೊಳಗಿನ ಇದ್ದಿಲು ಮತ್ತೆ ಒಲೆಗೆ ಹಾಕಲು ಯೋಗ್ಯವಾಗಿರುತ್ತದೆ. ಪರಿಹಾರ ಸರಳ: ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ಎರಡು ಕೊಡ ನೀರು ಹಾಕಬೇಕು.

ಇಲ್ಲಿಯವರೆಗೆ ನಮ್ಮ ಸಿದ್ಧಾಂತಕ್ಕೆ ಎದುರಾಳಿಗಳೇ ಇರಲಿಲ್ಲ. ಕ್ಷೇತ್ರಕಾರ್ಯದ ವೇಳೆ ಕುಷ್ಟಗಿಯ ಮನೆಯೊಂದರಲ್ಲಿ ಈ ಪರಿಹಾರವನ್ನು ಮಂಡಿಸಿದಾಗ, ನಳಕ್ಕೆ ನೀರು ಬಂದು ವಾರ ಕಳೆದಿತ್ತು. ಅಂಗಳದಲ್ಲಿ ಖಾಲಿ ಕೊಡಗಳು ಸಾಲಾಗಿದ್ದವು. ಮನೆಯ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು, ಪೂರ್ವಪಕ್ಷ ಮಂಡಿಸಿದರು: "ನೀರು ಕುಡಿಯೂ ಯಂತ್ರ ಐತೇನು ಅದು? ಎಮ್ಮಿಗೆ ನೀರಿಲ್ಲ, ಅದಕ್ಕ ಎರಡು ಕೊಡ ಹಾಕಬೇಕಂತ. ಎಮ್ಮಿ ಹಾಲರ ಕೊಡತೈತಿ. ಅದು ಏನ್ ಕೊಡತೈತೋ ಯಪ್ಪಾ?"

ಮೊಮ್ಮಗ ಪಹಣಿ ಎಂದ. ಪಹಣಿಯಲ್ಲಿದ್ದ ಹೊಲ ಹಿರಿಯ ಮಗನ ಹೆಸರಿಗೆ ಹೋಗಿದ್ದು ಆ ಯಂತ್ರದಿಂದಲೇ ಎಂದು ಅಜ್ಜಿ ನೆನಪಿಸಿದರು. ಉತ್ತರಪಕ್ಷವನ್ನು ಮಳೆಗಾಲಕ್ಕೆ ಮುಂದೂಡಲಾಗಿದೆ.