ಋಣ ಘಾತಾಂಕ ವರ್ಗಾವಣೆ ಮೀಮಾಂಸೆ

ಬೀಜಗಣಿತದ ಭಿನ್ನರಾಶಿಯಲ್ಲಿ ಮೇಲೊಂದು ಕಚೇರಿ, ಕೆಳಗೊಂದು ಕಚೇರಿ, ನಡುವೆ ಒಂದು ಗೆರೆ. ಮೇಲಿನದಕ್ಕೆ ಅಂಶ, ಕೆಳಗಿನದಕ್ಕೆ ಛೇದ ಎಂದು ಹೆಸರು. ಇವೆರಡರ ನಡುವೆ ಅಕ್ಷರಗಳು ಹತ್ತಿ ಇಳಿಯುವುದೇಕೆ ಎಂಬುದೇ ಪ್ರಸ್ತುತ ಮಹಾಪ್ರಬಂಧದ ವಿಚಾರ. ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ನಡೆದಷ್ಟು ಗಾಢವಾದ ಚಿಂತನೆ ಈ ಬಗ್ಗೆ ಬೇರೆಲ್ಲೂ ನಡೆದಂತಿಲ್ಲ.

ನಮ್ಮ ಸಿದ್ಧಾಂತ ಇಷ್ಟೇ: ಋಣ ಘಾತಾಂಕವೆಂಬುದು ವರ್ಗಾವಣೆಯ ಆದೇಶ. ಕ⁻² ಎಂದರೆ ‘ಕ’ ಎಂಬ ನೌಕರನ ಮೇಲೆ ಕಪ್ಪುಚುಕ್ಕೆ ಬಿದ್ದಿದೆ ಎಂದರ್ಥ. ಗೆರೆ ದಾಟಿ ಕೆಳಗಿನ ಕಚೇರಿಯಲ್ಲಿ ಹಾಜರಾದೊಡನೆ ಚುಕ್ಕೆ ಅಳಿಸಿಹೋಗಿ, ಅವನು 1/ಕ² ಆಗುತ್ತಾನೆ. ಕೆಳಗಿದ್ದು ಕಪ್ಪುಚುಕ್ಕೆ ಪಡೆದವನಾದರೋ ಮೇಲಕ್ಕೇ ಬರುತ್ತಾನೆ. ಶಿಕ್ಷೆಯೇ ಬಡ್ತಿಯಾಗುವ ಈ ವಿದ್ಯಮಾನಕ್ಕೆ ಗಣಿತದ ಹೊರಗಿನ ನಿದರ್ಶನ ಬೇಕಾದವರು ಸುಮ್ಮನೆ ಸುತ್ತಮುತ್ತ ನೋಡಬಹುದು.

ಇದಕ್ಕೆ ಪೂರ್ವಪಕ್ಷವುಂಟು. “2⁻³ ಅಂದ್ರೆ −8 ಅಲ್ವಾ ಸಾರ್?” ಎಂಬುದು ಋಣಫಲವಾದಿಗಳ ಮತ. ಸಂಖ್ಯೆಯಲ್ಲಿ ಅವರದೇ ಮೇಲುಗೈ. ಆದರೂ ಮತ ತಪ್ಪು. 2³ = 8, 2² = 4, 2¹ = 2. ಘಾತಾಂಕ ಒಂದೊಂದೇ ಇಳಿದಂತೆ ಬೆಲೆ ಅರ್ಧರ್ಧವಾಗುತ್ತದೆ. ಹಾಗೇ ಇಳಿಯುತ್ತ ಹೋದರೆ 2⁰ = 1, 2⁻¹ = 1/2, 2⁻² = 1/4, 2⁻³ = 1/8. ಅರ್ಧ ಮಾಡುತ್ತ ಹೋದವನು ಸೊನ್ನೆಯನ್ನೇ ಮುಟ್ಟಲಾರ; ಅದರ ಕೆಳಗೆ ಇಳಿಯುವ ಮಾತೆಲ್ಲಿ?

ಇನ್ನು ಇತಿಹಾಸ. ಫ್ರಾನ್ಸಿನ ನಿಕೊಲಾ ಶೂಕೆ 1484ರಲ್ಲೇ ಋಣ ಘಾತಾಂಕವನ್ನು ಬಳಸಿದ್ದ. ಆ ಹಸ್ತಪ್ರತಿ ಅಚ್ಚಾದದ್ದು 1880ರಲ್ಲಿ. ಕಡತ ವಿಲೇವಾರಿಗೆ ಹಿಡಿದ ಈ ಅವಧಿಯೇ ವಿಷಯವು ಆಡಳಿತಕ್ಕೆ ಸೇರಿದ್ದೆಂಬುದನ್ನು ಸಾಬೀತುಪಡಿಸುತ್ತದೆ. ಅಷ್ಟರಲ್ಲಿ ನ್ಯೂಟನ್ 1676ರ ಪತ್ರವೊಂದರಲ್ಲಿ ಇಂದಿನ ರೂಪದಲ್ಲೇ ಅದನ್ನು ಬರೆದೂ ಆಗಿತ್ತು.

ನಿಜವಾದ ವಿವಾದವಿರುವುದು ಯಾರು ಹೊರಡಬೇಕೆಂಬಲ್ಲಿ. 3ಕ⁻² ಎಂಬಲ್ಲಿ ಆದೇಶ ‘ಕ’ನ ಹೆಸರಿಗೆ ಮಾತ್ರ ಬಂದಿದೆ. ಪಕ್ಕದ ಮೇಜಿನ 3 ಯಾಕೆ ಗಂಟುಮೂಟೆ ಕಟ್ಟಬೇಕು? ಉತ್ತರ 3/ಕ². ಅದನ್ನು 1/(3ಕ²) ಎಂದು ಬರೆದು, ಏನೂ ಅರಿಯದ ಮೂರನ್ನು ಎತ್ತಂಗಡಿ ಮಾಡುವವರಿಗೆ ಲೆಕ್ಕವಿಲ್ಲ. (3ಕ)⁻² ಎಂದು ಆವರಣ ಹಾಕಿದ್ದರೆ ಅದು ಸಾಮೂಹಿಕ ವರ್ಗಾವಣೆ, ಆಗ 1/(9ಕ²). ಹಾಗೆಯೇ 3ಕ⁻²ಖ³/ಗ⁻¹ ಎಂದು ಕೊಟ್ಟರೆ ‘ಕ’ ಇಳಿಯುತ್ತಾನೆ, ‘ಗ’ ಏರುತ್ತಾನೆ, 3 ಮತ್ತು ‘ಖ’ ಕುರ್ಚಿ ಬಿಟ್ಟು ಕದಲುವುದಿಲ್ಲ. ಸುಲಭ ರೂಪ: 3ಖ³ಗ/ಕ².

ಆದೇಶ ಗುಣಾಕಾರದಿಂದ ಕೂಡಿದವರಿಗಷ್ಟೇ ಅನ್ವಯ ಎಂಬುದನ್ನು ಮರೆತರೆ ದೊಡ್ಡ ಅಕ್ರಮ ನಡೆಯುತ್ತದೆ. 1/(ಕ⁻¹ + ಖ⁻¹) ಕಂಡೊಡನೆ ಇಬ್ಬರನ್ನೂ ಮೇಲಕ್ಕೆತ್ತಿ ಕ + ಖ ಎನ್ನುವುದುಂಟು. ಇಬ್ಬರಿಗೂ 2ರ ಬೆಲೆ ಕೊಟ್ಟು ನೋಡಿ: ಕೊಟ್ಟದ್ದರ ಬೆಲೆ 1, ಬರೆದದ್ದರ ಬೆಲೆ 4. ನಡುವೆ ಕೂಡುವ ಚಿಹ್ನೆಯಿದ್ದರೆ ಮೊದಲು ಛೇದ ಸಮ ಮಾಡಿಕೊಳ್ಳಬೇಕು. ಆಗ ಬರುವುದು ಕಖ/(ಕ + ಖ).

ಸೊನ್ನೆಗೆ ಮಾತ್ರ ಈ ವರ್ಗಾವಣೆಯೇ ಇಲ್ಲ. ಛೇದದಲ್ಲಿ ಅದನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. 0⁻¹ಕ್ಕೆ ಬೆಲೆಯೂ ಇಲ್ಲ.