ಆ್ಯಪ್ ಹೇಳಿದ ಉಪವಾಸ

ಸೆಪ್ಟೆಂಬರ್ 8, ಹೊಸ ತೆನೆಯ ಮೊಂತಿ ಹಬ್ಬ. ಪೆರ್ಡೂರಿನ ಒಂದು ಕ್ಯಾಥೊಲಿಕ್ ಮನೆ. ಮೊಮ್ಮಗ ಬೆಂಗಳೂರಿನಿಂದ ಬಂದಿದ್ದಾನೆ. ಅಂದರೆ, ಅವನ ಲ್ಯಾಪ್‌ಟಾಪ್ ಬಂದಿದೆ, ಜೊತೆಗೆ ಅವನೂ.

ಅಜ್ಜಿ: ಏಳು ಮಾರಾಯ, ಪೂಜೆಗೆ ಹೊತ್ತಾಯ್ತು. ತೆನೆ ಆಶೀರ್ವಾದ ಉಂಟು.

ಮೊಮ್ಮಗ: ಪೂಜೆ ಯೂಟ್ಯೂಬಲ್ಲಿ ನೋಡಿದೆ. ಒಂದೂವರೆ ಪಟ್ಟು ವೇಗ, ಪ್ರಸಂಗ ಹಾರಿಸಿದೆ.

ಅಜ್ಜಿ: ತಿಂಡಿಯಾದರೂ ತಿನ್ನು.

ಮೊಮ್ಮಗ: 16 ಗಂಟೆ ಉಪವಾಸದಲ್ಲಿದ್ದೇನೆ.

ಅಜ್ಜಿ: ಯೇಸುವೇ! ಶುಭ ಶುಕ್ರವಾರ ಬಿರಿಯಾನಿ ತರಿಸಿದವ ನೀನು! ಬೂದಿ ಬುಧವಾರ, ಶುಭ ಶುಕ್ರವಾರ, ವರ್ಷಕ್ಕೆ ಎರಡೇ ದಿನ. ಅದೂ 18ರಿಂದ 59 ವರ್ಷದವರಿಗೆ ಮಾತ್ರ.

ಮೊಮ್ಮಗ: ಅದು ಮೂಢನಂಬಿಕೆ. ಇದು ಆ್ಯಪ್ ಹೇಳಿದ್ದು.

ಅಜ್ಜಿ: ತಪ್ಪಿದರೆ?

ಮೊಮ್ಮಗ: ಕೋಚ್ ಹತ್ತಿರ ಒಪ್ಪಿಕೊಳ್ಳಬೇಕು. ಐವತ್ತು ಬಸ್ಕಿ ಹೊಡೆಸುತ್ತಾನೆ, ತಿಂಗಳ ಫೀಸು ಬೇರೆ.

ಅಜ್ಜಿ: ಪಾಪ ಒಪ್ಪಿಕೊಂಡು ಕುಮ್ಸಾರ್ ಮಾಡಿದರೆ ನಮ್ಮ ಫಾದರ್ ಮೂರು ನಮೋ ಮರಿಯಾಕ್ಕೆ ಬಿಡ್ತಾರೆ, ಪುಕ್ಕಟೆ. ಆಫೀಸಲ್ಲಿ ಊಟಕ್ಕೆ ಮೊದಲು ಶಿಲುಬೆ ಗುರುತು ಹಾಕ್ತೀಯಾ?

ಮೊಮ್ಮಗ: ಛೆ! ಆಫೀಸಿಗೆ ಧರ್ಮ ತರಬಾರದು.

ಅಜ್ಜಿ: ಆಯುಧಪೂಜೆಗೆ ಕಂಪ್ಯೂಟರ್ ಮುಂದೆ ಕುಂಬಳಕಾಯಿ ಒಡೆದ ಫೋಟೊ ಕಳಿಸಿದ್ದೆಯಲ್ಲ?

ಮೊಮ್ಮಗ: ಅದು ಸಂಸ್ಕೃತಿ. ಕ್ರಿಸ್ಮಸ್ಸಿಗೂ ಎಲ್ಲರೂ ಸಾಂತಾ ಟೋಪಿ ಹಾಕ್ತೇವೆ.

ಅಜ್ಜಿ: ಗೋದಲಿ, ಬಾಲಯೇಸು?

ಮೊಮ್ಮಗ: ಅದು ಧರ್ಮ.

ಅಜ್ಜಿ: ಹುಟ್ಟಿದವನನ್ನು ಬಿಟ್ಟು ಹುಟ್ಟುಹಬ್ಬ! ಇರಲಿ, ನಾವೇನು ಕಡಿಮೆಯಾ? ನಮ್ಮ ಗದ್ದೆಯೆಲ್ಲ ಅಡಿಕೆ ತೋಟ, ತೆನೆ ಪಕ್ಕದ ಶೆಟ್ಟರ ಗದ್ದೆಯದ್ದು.

ಮೊಮ್ಮಗ: ಮಧ್ಯಾಹ್ನ ಮೀನುಂಟಾ?

ಅಜ್ಜಿ: ಮೊಂತಿ ಹಬ್ಬಕ್ಕೆ ಮೀನಾ? ತರಕಾರಿಯೇ. ನೀನು ವೀಗನ್ ಅಂದಿದ್ದೆಯಲ್ಲ?

ಮೊಮ್ಮಗ: ಅದು ಸೋಮವಾರ ಮಾತ್ರ.

ಅಜ್ಜಿ: ಪಾಯಸಕ್ಕೆ ತೆಂಗಿನ ಹಾಲು. ಎರಡು ಸೌಟು ಹಾಕ್ತೇನೆ, ಆಮೇಲೆ ಕೋಚ್ ಹತ್ತಿರ ಕುಮ್ಸಾರ್ ಮಾಡು. ಈಗ ಚಪ್ಪಲಿ ಹಾಕು, ನಡಿ.