ಬರ್ಕ್ಲಿಯ ರೋಬೋ ಸಾಹೇಬರ ಸನ್ನಿಧಿಗೆ

ಶ್ರೀಯುತ ರೋಬೋ ಸಾಹೇಬರಿಗೆ,
ಎ-ಲ್ಯಾಬ್, ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ, ಕ್ಯಾಲಿಫೋರ್ನಿಯಾ.

ಇತ್ತ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಎಲ್ಲರೂ ಕ್ಷೇಮ. ನಾನು ಈ ಊರುಗಳ ನಡುವೆ ಕೆಂಪು ಬಸ್ಸಿನಲ್ಲಿ ಓಡಾಡಿಕೊಂಡು ರಸಾಯನಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕ. ಅತಿಥಿ ಎಂದ ಮೇಲೆ ಭಾರೀ ಉಪಚಾರ ಇದ್ದೀತು ಎಂದು ತಾವು ತಿಳಿಯಬಾರದು. ಕಾಲೇಜಿನ ಹೆಸರು ಬರೆಯುವುದಿಲ್ಲ. ಮುಂದಿನ ವರ್ಷವೂ ಕೌನ್ಸೆಲಿಂಗಿಗೆ ನಿಲ್ಲಬೇಕಲ್ಲ.

2023ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ತಮ್ಮ ಸಾಹಸ ಓದಿದೆ. ಪುಡಿ ತೂಗುವುದು, ಬೆರೆಸುವುದು, ಕುಲುಮೆಯಲ್ಲಿಟ್ಟು ಸುಡುವುದು, ತೆಗೆದು ಅರೆದು ಎಕ್ಸ್-ರೇಗೆ ಹಿಡಿಯುವುದು, ಬಂದ ಗೆರೆ ನೋಡಿ ಮುಂದಿನ ಪಾಕ ತೀರ್ಮಾನಿಸುವುದು, ಎಲ್ಲವೂ ತಮ್ಮದೇ. ಹೀಗೆ 17 ದಿನ ಹಗಲೂ ರಾತ್ರಿ ದುಡಿದು, ಗುರಿಯಿಟ್ಟ 58 ಸಂಯುಕ್ತಗಳಲ್ಲಿ 41 ಹೊಸದಾಗಿ ತಯಾರಿಸಿದಿರಂತೆ. ಲಿವರ್‌ಪೂಲಿನಲ್ಲಿರುವ ತಮ್ಮ ಅಣ್ಣನವರು 2020ರಲ್ಲೇ 8 ದಿನಕ್ಕೆ 688 ಪ್ರಯೋಗ ಮುಗಿಸಿದ್ದರು. ನಮ್ಮಲ್ಲಿ ಸೆಮಿಸ್ಟರಿಗೆ ಹತ್ತೋ ಹನ್ನೆರಡೋ. ಅದರಲ್ಲೂ ಎರಡು ಬರೀ ರೆಕಾರ್ಡಿನಲ್ಲೇ ನಡೆಯುತ್ತವೆ.

ರೆಕಾರ್ಡ್ ಎಂದಾಗ ನೆನಪಾಯಿತು. ತಾವು ಸಾವಿರಗಟ್ಟಲೆ ಹಳೆಯ ಪ್ರಬಂಧ ತಿರುವಿ, ಹಿಂದಿನವರು ಏನಕ್ಕೆ ಏನು ಬೆರೆಸಿ ಎಷ್ಟು ಕಾಯಿಸಿದರು ಎಂದು ನೋಡಿಕೊಂಡು ಪಾಕ ಹೇಳಿದರೆ ಅದು ಮಷೀನ್ ಲರ್ನಿಂಗ್. ನಮ್ಮ ಹುಡುಗರು ಸೀನಿಯರ್ ರೆಕಾರ್ಡ್ ತಿರುವಿ ರೀಡಿಂಗ್ ಬರೆದರೆ ಕಾಪಿ. ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಬೇಕು: ತಮ್ಮ ಪಾಕ ಕೆಟ್ಟರೆ ತಾವು ಇನ್ನೊಂದು ಹೂಡುತ್ತೀರಿ. ನಮ್ಮವರ ರೀಡಿಂಗ್ ಕೆಟ್ಟ ಇತಿಹಾಸವೇ ಇಲ್ಲ.

ಇನ್ನು ತಮ್ಮ ಬಳಗದ ಭವಿಷ್ಯವಾಣಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಕಾರಣಿಕ ಆಗುತ್ತದೆ. ಗೊರವಯ್ಯ ಬಿಲ್ಲೇರಿ ‘ಸದ್ಲೇ’ ಎನ್ನುತ್ತಲೇ ಅಷ್ಟು ದೊಡ್ಡ ಜಾತ್ರೆ ಉಸಿರು ಬಿಗಿಹಿಡಿಯುತ್ತದೆ. ಆಮೇಲೆ ಒಂದೇ ಒಂದು ಮಾತು. ಮಳೆಯೋ ಬೆಳೆಯೋ ಸರ್ಕಾರವೋ, ಅರ್ಥ ಬಿಡಿಸುವುದು ಕೆಳಗೆ ನಿಂತವರ ಪಾಲು. ಗೂಗಲ್ ಡೀಪ್‌ಮೈಂಡಿನ ‘ನೋಮ್’ ಎಂಬ ಎಐ ಅದೇ ನವೆಂಬರಿನಲ್ಲಿ 22 ಲಕ್ಷ ಹರಳುಗಳ ಕಾರಣಿಕ ನುಡಿಯಿತು. ಅವುಗಳಲ್ಲಿ 3,80,000 ಗಟ್ಟಿ ನಿಲ್ಲುತ್ತವಂತೆ. ಅಷ್ಟು ಮಾತಿಗೆ ಅರ್ಥ ಬಿಡಿಸುವವರು ಎಲ್ಲಿಂದ ಬರಬೇಕು ಸಾಹೇಬರೇ?

ತಮ್ಮ ವಿಷಯದಲ್ಲೂ ಅರ್ಥ ಬಿಡಿಸುವುದು ಬೇರೆಯವರ ಪಾಲಾಯಿತಲ್ಲ. ಲಂಡನ್ನಿನ ರಾಬರ್ಟ್ ಪಾಲ್‌ಗ್ರೇವ್, ಪ್ರಿನ್‌ಸ್ಟನ್ನಿನ ಲೆಸ್ಲಿ ಶೂಪ್ ಮತ್ತು ಸಂಗಡಿಗರು ತಮ್ಮ ಎಕ್ಸ್-ರೇ ಗೆರೆಗಳನ್ನು ಕೂತು ಓದಿ, 2024ರಲ್ಲಿ ‘ಇದರಲ್ಲಿ ಹೊಸದು ಒಂದೂ ಇಲ್ಲ’ ಎಂದುಬಿಟ್ಟರು. ಅವರ ಮುಖ್ಯ ತಕರಾರು ನಮಗೆ ಬೇಗ ತಿಳಿಯುವಂಥದ್ದು. ಕಂಪ್ಯೂಟರ್ ಲೆಕ್ಕದಲ್ಲಿ ಹರಳಿನೊಳಗೆ ಆಯಾ ಲೋಹದ ಪರಮಾಣುವಿಗೆ ಆಯಾ ಜಾಗ. ಕುಲುಮೆಯೊಳಗಾದರೆ ಎರಡು ಲೋಹದವರೂ ಸಿಕ್ಕ ಸಿಕ್ಕ ಜಾಗದಲ್ಲಿ ಬೆರೆತು ಕೂರುತ್ತಾರೆ. ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ತಾವು ಒಂದು ಸಂಜೆ ನಿಂತಿದ್ದರೆ ಸಾಕಿತ್ತು. ಸೀಟು ಎಷ್ಟು ಎಂಬುದು ಟಿಕೆಟ್ ಮಷೀನಿಗೂ ಗೊತ್ತು. ಕಿಟಕಿಯಿಂದ ಟವೆಲ್ ಹಾಕಿದವರು ಯಾರು, ಕೊನೆಗೆ ಕೂತವರು ಯಾರು ಎಂಬುದು ಕಂಡಕ್ಟರಿಗೇ ಗೊತ್ತು. ಹಾಗೆ ಬೆರೆತ ಸಂಯುಕ್ತಗಳು ಎಷ್ಟೋ ಮೊದಲೇ ಪರಿಚಿತವಾಗಿದ್ದವಂತೆ. ನಮ್ಮ ಹರಪನಹಳ್ಳಿಯ ಕಥೆಯೂ ಹೀಗೇ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಒಂದು ಗೇಣೂ ಸರಿದಿಲ್ಲ. ಬೋರ್ಡು ನೋಡಿಕೊಂಡು ‘ಮೂರು ಹೊಸ ಊರು ಕಂಡುಹಿಡಿದೆ’ ಎಂದು ನಾನು ಬರೆದು ಕಳಿಸಿದರೆ ‘ನೇಚರ್’ನವರು ಹಾಕಿಕೊಳ್ಳುತ್ತಾರೆಯೇ, ಸ್ವಲ್ಪ ವಿಚಾರಿಸಿ.

ತಮ್ಮ ಯಜಮಾನರು ಗರ್‌ಬ್ರಾಂಡ್ ಸೀಡರ್ ದೊಡ್ಡ ಮನುಷ್ಯರು. ಈ ಗೆರೆಗಳನ್ನು ನುರಿತ ಮನುಷ್ಯ ಇನ್ನೂ ಚೆನ್ನಾಗಿ ಬಿಡಿಸಬಲ್ಲ ಎಂದು ಅವರೇ ಒಪ್ಪಿಕೊಂಡರು. ಯಂತ್ರ ತಾನಾಗಿ ದುಡಿಯಬಲ್ಲದು ಎಂದು ತೋರಿಸುವುದಷ್ಟೇ ಅವರಿಗೆ ಬೇಕಿತ್ತಂತೆ. ಅದನ್ನು ತೋರಿಸಿದಿರಿ, ಅನುಮಾನವಿಲ್ಲ.

ಹಾಗೆಂದು ತಾವು ನಮ್ಮ ಕಡೆ ವರ್ಗವಾಗಿ ಬರುವ ಮನಸ್ಸು ಮಾಡಬೇಡಿ. ಬಂದ ದಿನವೇ ತಮ್ಮನ್ನು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಿಸಿ, ಕೈ ಮುರಿದೀತೆಂದು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ನಮ್ಮ ಡಿಜಿಟಲ್ ತಕ್ಕಡಿಯ ಗತಿ ಅದೇ ಆಗಿದೆ. ಅದರ ಕವರ್ ಇನ್ನೂ ಬಿಚ್ಚಿಲ್ಲ.

ಕೊನೆಗೆ ಒಂದು ವಿನಂತಿ. ಹೋದ ತಿಂಗಳು ಪ್ರಾಕ್ಟಿಕಲ್ಲಿಗೆ ಕೂಡ್ಲಿಗಿ ಕಡೆಯ ಹುಡುಗಿಯೊಬ್ಬಳು ಪೇಪರಿನ ಪೊಟ್ಟಣದಲ್ಲಿ ಹೊಲದ ಕೆಮ್ಮಣ್ಣು ಕಟ್ಟಿಕೊಂಡು ಬಂದಳು. ಪಕ್ಕದಲ್ಲೇ ಸಂಡೂರಿನ ಅದಿರು ಬೆಟ್ಟ, ನಾವು ಕಬ್ಬಿಣ ಅಳೆಯುವುದು ಮಾತ್ರ ಹೊರಗಿನಿಂದ ತರಿಸಿದ ಬಾಟಲಿಯ ಉಪ್ಪಿನಲ್ಲಿ. “ಸಾರ್, ಇದ್ರಾಗ ಎಷ್ಟು ಐತೆ?” ಎಂದಳು. ಸಿಲಬಸ್ಸಿನಲ್ಲಿಲ್ಲ ಎನ್ನಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಎಲ್ಲರೂ ಹೋದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಣ್ಣು ಕಾಯಿಸಿದೆವು. ದ್ರಾವಣ ಹಳದಿಯಾಯಿತು. ಸೋಸಿ, ಪೊಟ್ಯಾಸಿಯಂ ಫೆರೋಸಯನೈಡ್ ಎರಡು ಹನಿ ಬಿಟ್ಟರೆ ಕಡುನೀಲಿ! ಅವಳು ಪ್ರನಾಳವನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಆಮೇಲೆ ಬಿಡದೆ, “ಐತೆ ಅಂತ ಗೊತ್ತಾತು ಸಾರ್. ಎಷ್ಟು ಐತೆ?” ಎಂದಳು.

ಎಷ್ಟು ಎಂದು ಹೇಳಲು ಡೈಕ್ರೋಮೇಟ್ ಇದೆ, ಬ್ಯೂರೆಟ್ ಇದೆ. ಜೊತೆಗೆ ಬೇಕಾದ ಸ್ಟ್ಯಾನಸ್ ಕ್ಲೋರೈಡ್ ಮಾತ್ರ ಮುಗಿದಿದೆ. ಇಂಡೆಂಟ್ ಹಾಕಿದ್ದೇನೆ, ಮೂರು ಕೊಟೇಷನ್ ಬರಬೇಕಂತೆ. ತಮ್ಮಲ್ಲಿ ಮಿಕ್ಕಿದ್ದರೆ 100 ಗ್ರಾಂ ಬಾಟಲಿ ಒಂದನ್ನು ಪೋಸ್ಟಿಗೆ ಹಾಕಿ. ಹುಡುಗಿ ದಿನಾ ಕೇಳುತ್ತಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅತಿಥಿ